ಕನ್ನಡದಲ್ಲಿ ಉದ್ಗಾರವಾಕ್ಯದ ಬೆಳವಣಿಗೆ: ಓಲೆಗರಿಯಿಂದ ಅಚ್ಚಿನ ಮೊಳೆಯವರೆಗೆ

ಉದ್ಗಾರವಾಕ್ಯ ಎಂದರೇನು ಎಂದು ಕೇಳಿದರೆ ಇಂದಿನ ವಿದ್ಯಾರ್ಥಿ ಕೊಡುವ ಉತ್ತರ ಬಹುಮಟ್ಟಿಗೆ ಒಂದೇ: ಕೊನೆಯಲ್ಲಿ ಭಾವಸೂಚಕ ಚಿಹ್ನೆ ಇರುವ ವಾಕ್ಯ. ಉತ್ತರ ಪರೀಕ್ಷೆಗೆ ಸಾಕಾಗುತ್ತದೆ; ಆದರೆ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಕನ್ನಡದ ಬರವಣಿಗೆಗೆ 1500 ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಚಿಹ್ನೆ ಕನ್ನಡದ ಪುಟದ ಮೇಲೆ ಕಾಣಿಸಿಕೊಂಡು ಎರಡು ಶತಮಾನಗಳಷ್ಟೇ ಆಗಿವೆ. ಹಾಗಾದರೆ ಅದಕ್ಕೂ ಹಿಂದಿನ ಕನ್ನಡಿಗರು ಬೆರಗನ್ನು, ಅಳಲನ್ನು, ಮೆಚ್ಚುಗೆಯನ್ನು, ಹೇವರಿಕೆಯನ್ನು ಯಾವ ವಾಕ್ಯರಚನೆಯಲ್ಲಿ ಹೇಳಿದರು? ಹಳಗನ್ನಡ ಕಾವ್ಯಗಳ ಅಚ್ಚಾದ ಆವೃತ್ತಿಗಳಲ್ಲಿ ನಾವು ಇಂದು ಕಾಣುವ ಭಾವಸೂಚಕ ಚಿಹ್ನೆಗಳನ್ನು ಅಲ್ಲಿ ಇಟ್ಟವರು ಯಾರು? ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲನೆಯದು ವ್ಯಾಕರಣದ ಪ್ರಶ್ನೆ, ಎರಡನೆಯದು ಗ್ರಂಥಸಂಪಾದನೆಯ ಪ್ರಶ್ನೆ.

ಇವನ್ನು ವಿಚಾರಿಸಲು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಬೆಳವಣಕಿಯಂಥ ಊರಿನ ಮಾತು ಒಳ್ಳೆಯ ನೆಲೆ. ಕವಿರಾಜಮಾರ್ಗವು ಸುಮಾರು ಕ್ರಿ.ಶ. 850ರಲ್ಲಿ ಕನ್ನಡದ ತಿರುಳು ಎಲ್ಲಿದೆ ಎಂಬುದನ್ನು ನಾಲ್ಕು ಊರುಗಳಿಂದ ಗುರುತಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಹೆಸರುಗಳಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಈ ನಾಲ್ಕನ್ನೂ ಗೆರೆಯೆಳೆದು ಕೂಡಿಸಿದರೆ ರೋಣದ ಸೀಮೆ ಆ ಗೆರೆಗಳ ಒಳಗೇ ಬೀಳುತ್ತದೆ. ಬೆಳ್ವೊಲ ಮುನ್ನೂರು ಮತ್ತು ಕಿಸುಕಾಡು ಎಪ್ಪತ್ತು ಎಂಬ ಎರಡು ಪ್ರಾಚೀನ ನಾಡುಗಳ ಭೂಮಿ ಇದು. ಪಂಪನು ತನ್ನ ಕೃತಿಯ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡನು. ಅವನ ತಾಯಿಯ ಕಡೆಯ ಊರಾದ ಅಣ್ಣಿಗೇರಿ ಬೆಳ್ವೊಲದ್ದು. ಪಂಚತಂತ್ರವನ್ನು 1031ರಲ್ಲಿ ಕನ್ನಡಿಸಿದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯವನು; ಅದನ್ನು ಇದೇ ರೋಣ ತಾಲ್ಲೂಕಿನ ಸವಡಿಯೆಂದು ಗುರುತಿಸಲಾಗಿದೆ. 1112ರಲ್ಲಿ ಧರ್ಮಾಮೃತವನ್ನು ಬರೆದ ನಯಸೇನನು ಮುಳುಗುಂದದವನು. ಕುಮಾರವ್ಯಾಸನ ಭಾರತವು ಗದಗಿನ ವೀರನಾರಾಯಣನ ಸನ್ನಿಧಿಯೊಡನೆ ಬೆಸೆದುಕೊಂಡಿದೆ. ಉದ್ಗಾರದ ಚರಿತ್ರೆಯನ್ನು ಬರೆಯಲು ಬೇಕಾದ ಮುಖ್ಯ ಸಾಕ್ಷಿಗಳಲ್ಲಿ ಹಲವು ಒಂದು ದಿನದ ಹಾದಿಯಷ್ಟು ಅಂತರದಲ್ಲೇ ಸಿಗುತ್ತವೆ.

ವೈಯಾಕರಣರು ಕಂಡದ್ದು

ನಮ್ಮ ಪ್ರಾಚೀನ ವ್ಯಾಕರಣಗಳು ಪದಕ್ಕೆ ಕೊಟ್ಟ ಗಮನವನ್ನು ವಾಕ್ಯಕ್ಕೆ ಕೊಡಲಿಲ್ಲ. ಎರಡನೆಯ ನಾಗವರ್ಮನ ಶಬ್ದಸ್ಮೃತಿ ಮತ್ತು ಕರ್ಣಾಟಕ ಭಾಷಾಭೂಷಣ, ಸುಮಾರು 1260ರ ಕೇಶಿರಾಜನ ಶಬ್ದಮಣಿದರ್ಪಣ, 1604ರ ಭಟ್ಟಾಕಳಂಕದೇವನ ಕರ್ಣಾಟಕ ಶಬ್ದಾನುಶಾಸನ, ಇವುಗಳ ಮುಖ್ಯ ಚಿಂತೆ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತಗಳದ್ದು. ಆದ್ದರಿಂದ ಉದ್ಗಾರವಾಕ್ಯ ಎಂಬ ಪ್ರತ್ಯೇಕ ಪ್ರಕರಣವನ್ನು ಅವುಗಳಲ್ಲಿ ಹುಡುಕುವುದು ವ್ಯರ್ಥ. ಉದ್ಗಾರಕ್ಕೆ ಸಂಬಂಧಿಸಿದ ಸಾಮಗ್ರಿ ಮಾತ್ರ ಎರಡು ಕಡೆ ಹಂಚಿಹೋಗಿದೆ.

ಒಂದು, ಅವ್ಯಯ. ಲಿಂಗ, ವಚನ, ವಿಭಕ್ತಿಗಳಿಂದ ರೂಪ ಬದಲಿಸದ ಪದಗಳ ಗುಂಪಿನಲ್ಲಿ ಅಕ್ಕಟ, ಅಯ್ಯೋ, ಆಹಾ, ಛೀ ಮುಂತಾದವು ಸೇರುತ್ತವೆ. ಇಂದಿನ ಶಾಲಾ ವ್ಯಾಕರಣ ಇವನ್ನು ಭಾವಸೂಚಕ ಅವ್ಯಯ ಎನ್ನುತ್ತದೆ. ಇನ್ನೊಂದು, ಸ್ವರದ ಕಾಲಮಾನ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೂರದವರನ್ನು ಕರೆಯುವಾಗ, ಹಾಡುವಾಗ, ಅಳುವಾಗ ಸ್ವರವು ಪ್ಲುತವಾಗುತ್ತದೆ ಎಂಬುದು ಸಂಸ್ಕೃತ ಪರಂಪರೆಯಿಂದ ಬಂದ ತಿಳಿವಳಿಕೆ. ಪಾಣಿನಿಯು ದೂರದಿಂದ ಕರೆಯುವ ವಾಕ್ಯದ ಕೊನೆಯ ಸ್ವರಕ್ಕೆ ಪ್ಲುತವನ್ನು ವಿಧಿಸಿದ್ದಾನೆ. ನಾಗರಿ ಲಿಪಿಯ ವೈದಿಕ ಪಾಠಗಳಲ್ಲಿ ಪ್ಲುತವನ್ನು ಸೂಚಿಸಲು ಸ್ವರದ ಪಕ್ಕದಲ್ಲಿ ಮೂರರ ಅಂಕಿಯನ್ನು ಬರೆಯುವ ವಾಡಿಕೆಯೂ ಇದೆ. ಭಾವದ ಎಳೆತವನ್ನು ಬರವಣಿಗೆಯಲ್ಲಿ ಗುರುತಿಸುವ ಆಲೋಚನೆ ಯುರೋಪಿನಿಂದಲೇ ಮೊದಲು ಬಂದದ್ದೆಂದು ಭಾವಿಸುವವರು ಈ ಮೂರರ ಅಂಕಿಯನ್ನು ನೆನಪಿಡಬೇಕು.

ಅವ್ಯಯ ಮತ್ತು ಪ್ಲುತ ಎರಡೂ ಉದ್ಗಾರದ ಬಿಡಿ ಅಂಗಗಳು. ಇಡೀ ವಾಕ್ಯವೇ ಉದ್ಗಾರವಾಗುವ ಬಗೆಯನ್ನು ಅವು ವಿವರಿಸುವುದಿಲ್ಲ. ಅದಕ್ಕಾಗಿ ಶಾಸನ ಮತ್ತು ಕಾವ್ಯಗಳ ಕಡೆಗೇ ಹೋಗಬೇಕು.

ಕಲ್ಲಿನ ಮೌನ

ಸುಮಾರು 450ರ ಹಲ್ಮಿಡಿ ಶಾಸನದಿಂದ ಮೊದಲ್ಗೊಂಡು ಆರಂಭಕಾಲದ ಶಾಸನಗಳು ಉದ್ಗಾರದ ವಿಷಯದಲ್ಲಿ ಬಹಳ ಮಿತಭಾಷಿಗಳು. ದಾನವನ್ನು ದಾಖಲಿಸುವ ಬರಹಕ್ಕೆ ಬೆರಗು ಬೇಕಿಲ್ಲ. ಅಲ್ಲಿ ಭಾವದ ಕಾವು ಏರುವುದು ಕೊನೆಯ ಶಾಪಾಶಯದಲ್ಲಿ. ಅದು ಕೂಡ ಆಗಲಿ, ಹೋಗಲಿ ಎಂಬ ವಿಧ್ಯರ್ಥದ ರೂಪದಲ್ಲೇ ಮುಗಿಯುತ್ತದೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ನಂದಿಸೇನ ಮುನಿಯ ಸಮಾಧಿಮರಣವನ್ನು ಸ್ಮರಿಸುವ ಸುಮಾರು ಏಳನೆಯ ಶತಮಾನದ ಪದ್ಯವೊಂದಿದೆ. ಕನ್ನಡ ಕವಿತೆಯ ಮೊದಲ ಉತ್ತಮ ಮಾದರಿಗಳಲ್ಲಿ ಒಂದೆಂದು ಅದನ್ನು ವಿದ್ವಾಂಸರು ಎಣಿಸಿದ್ದಾರೆ. ಸಿರಿ, ರೂಪ, ವೈಭವಗಳು ನಿಲ್ಲುವುದಿಲ್ಲವೆಂಬ ಅರಿವು ಅದರ ವಿಷಯ. ಸಾವಿನ ಎದುರು ನಿಂತ ಆ ಪದ್ಯ ಹಾ ಎನ್ನುವುದಿಲ್ಲ, ಅಕ್ಕಟ ಎನ್ನುವುದಿಲ್ಲ. ಕಾಮನಬಿಲ್ಲು, ಮಿಂಚು, ಮಂಜು ಎಂಬ ಮೂರು ಹೋಲಿಕೆಗಳನ್ನು ಸಾಲಾಗಿ ಇಡುತ್ತದೆ. ಉದ್ಗಾರ ಬರಬೇಕಾದ ಸ್ಥಾನದಲ್ಲಿ ಉಪಮೆ ಬಂದು ಕುಳಿತಿದೆ. ಇದನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ. ಸಲ್ಲೇಖನದಿಂದ ದೇಹ ಬಿಟ್ಟವನಿಗಾಗಿ ಗೋಳಾಡುವುದು ಆ ಸಂದರ್ಭಕ್ಕೆ ಒಪ್ಪದು. ಭಾವವನ್ನು ತಡೆದು ತತ್ವವಾಗಿಸುವ ಕೆಲಸವನ್ನು ಆ ಮೂರು ಹೋಲಿಕೆಗಳು ಮಾಡುತ್ತವೆ.

ಪ್ರಶ್ನೆಯ ಒಡಲಿನಿಂದ ಉದ್ಗಾರ

ಹತ್ತನೆಯ ಶತಮಾನದ ಹೊತ್ತಿಗೆ ಕನ್ನಡದಲ್ಲಿ ಉದ್ಗಾರವಾಕ್ಯದ ಒಂದು ಗಟ್ಟಿಯಾದ ಚೌಕಟ್ಟು ಕಾಣುತ್ತದೆ. ಅದರ ಮೂಲ ಪ್ರಶ್ನಾರ್ಥಕ ಪದ. ಏನ್, ಎನಿತು, ಎಂತು, ಎಂತಪ್ಪ ಎಂಬ ಪದಗಳು ವಾಕ್ಯದ ಮೊದಲ ಭಾಗದಲ್ಲಿ ನಿಲ್ಲುತ್ತವೆ. ಕೊನೆಯಲ್ಲಿ ಹಲವು ವೇಳೆ ಒಕಾರ ಇಲ್ಲವೆ ಓಕಾರ ಬರುತ್ತದೆ. ‘ಏಂ ಪಿರಿದೊ’ ಎಂದರೆ ಎಷ್ಟು ದೊಡ್ಡದು ಎಂದು ಯಾರೂ ಅಳತೆ ಕೇಳುತ್ತಿಲ್ಲ; ಅಳತೆಗೆ ಸಿಗದ ಹಿರಿಮೆಯನ್ನು ಸಾರುತ್ತಿದ್ದಾರೆ. ಉತ್ತರವನ್ನು ಬಯಸದ ಪ್ರಶ್ನೆ ಉದ್ಗಾರವಾಗುತ್ತದೆ. ಇದಕ್ಕೆ ವಲಂ, ದಲ್, ಗಡ ಎಂಬ ನಿಪಾತಗಳು ಜೊತೆಗೂಡುತ್ತವೆ. ವಲಂ ಮತ್ತು ದಲ್ ನಿಶ್ಚಯವನ್ನು ಒತ್ತಿ ಹೇಳಿದರೆ, ಗಡ ಎಂಬುದು ಕೇಳಿದ ಸುದ್ದಿಗೆ ತೋರುವ ಬೆರಗನ್ನೂ ಕೆಲವೊಮ್ಮೆ ಅಪನಂಬಿಕೆಯನ್ನೂ ಹೊರುತ್ತದೆ. ಇಂದಿನ ‘ಅಂತೆ’ ಎಂಬ ಪದವನ್ನು ಹುಬ್ಬೇರಿಸಿ ನುಡಿದಾಗ ಹುಟ್ಟುವ ಅರ್ಥಕ್ಕೆ ಅದು ಹತ್ತಿರ.

ಈ ಸಾಮಗ್ರಿಯನ್ನು ಕವಿಗಳು ಬಳಸಿದ ರೀತಿಯಲ್ಲಿ ಒಂದು ವಿವೇಕವಿದೆ. ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ನೋಡಬಹುದು. ಕುಣಿಯುತ್ತಿದ್ದಂತೆಯೇ ನೀಲಾಂಜನೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂಥವಳೇ ಇನ್ನೊಬ್ಬಳನ್ನು ಆ ಕ್ಷಣವೇ ನಿಲ್ಲಿಸುತ್ತಾನೆ. ಸಭೆಗೆ ತಿಳಿಯದ ಆ ಬದಲಾವಣೆ ಆದಿದೇವನೊಬ್ಬನಿಗೆ ಕಾಣುತ್ತದೆ. ಸಭಿಕರ ಬೆರಗು ನೃತ್ಯದ ಚೆಲುವಿಗೆ. ಆದಿದೇವನ ಬೆರಗು ಆ ಚೆಲುವಿನ ನಶ್ವರತೆಗೆ. ಅವನ ಮಾತು ಕೂಡಲೇ ಅನಿತ್ಯದ ಅನುಪ್ರೇಕ್ಷೆಯ ಕಡೆಗೆ ತಿರುಗುತ್ತದೆ. ಮತ್ತೆ ಮಿಂಚಿನ ಹೋಲಿಕೆ ಬರುತ್ತದೆ. ಶ್ರವಣಬೆಳಗೊಳದ ಕಲ್ಲಿನಲ್ಲಿ ಕಂಡ ದಾರಿಯನ್ನೇ ಪಂಪನು ಮಹಾಕಾವ್ಯದಲ್ಲಿ ಹಿಗ್ಗಿಸಿದ್ದಾನೆ.

ಇಲ್ಲಿ ಜೈನ ಸಿದ್ಧಾಂತದ ಒಂದು ಅಂಶ ಉಪಯೋಗಕ್ಕೆ ಬರುತ್ತದೆ. ಅರ್ಹಂತನಲ್ಲಿ ಇಲ್ಲದಿರುವ 18 ದೋಷಗಳ ಪಟ್ಟಿಯಲ್ಲಿ ಹಸಿವು, ಬಾಯಾರಿಕೆ, ಭಯ, ಶೋಕಗಳೊಡನೆ ವಿಸ್ಮಯವೂ ಸೇರಿದೆ. ಎಲ್ಲವನ್ನೂ ಅರಿತವನಿಗೆ ಅಚ್ಚರಿಗೆ ಎಡೆಯೆಲ್ಲಿ? ನೀಲಾಂಜನೆಯ ನೃತ್ಯವನ್ನು ನೋಡುವಾಗ ಆದಿದೇವನಿಗೆ ಇನ್ನೂ ಕೇವಲಜ್ಞಾನವಾಗಿಲ್ಲ. ಆದ್ದರಿಂದ ಅವನು ಬೆಚ್ಚಬಲ್ಲನು. ಭರತನ ನಾಟ್ಯಶಾಸ್ತ್ರ ವಿಸ್ಮಯವನ್ನು ಅದ್ಭುತರಸದ ಸ್ಥಾಯಿಭಾವವೆಂದು ಮನ್ನಿಸುತ್ತದೆ. ಆಗಮ ಅದನ್ನು ದೋಷವೆಂದು ಎಣಿಸುತ್ತದೆ. ಈ ಎರಡು ಮಾತುಗಳ ನಡುವೆ ನಿಂತು ಬರೆದವರು ಹಳಗನ್ನಡದ ಜೈನಕವಿಗಳು. ಕಾವ್ಯಕ್ಕೆ ಬೆರಗು ಬೇಕು, ಧರ್ಮಕ್ಕೆ ಅದರ ಶಮನ ಬೇಕು. ಅವರ ಉದ್ಗಾರಗಳು ಹಲವೆಡೆ ವೈರಾಗ್ಯಕ್ಕೆ ತೆರೆಯುವ ಬಾಗಿಲುಗಳಾಗಿರುವುದಕ್ಕೆ ಇದೇ ಕಾರಣವಿರಬೇಕು.

ರನ್ನನ ಗದಾಯುದ್ಧದಲ್ಲಿ ಉದ್ಗಾರಕ್ಕೆ ಇಂಥ ತಡೆಯಿಲ್ಲ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನನು ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ಕಳೇಬರಗಳನ್ನು ಒಂದೊಂದಾಗಿ ಕಾಣುತ್ತಾನೆ. ಮಗನಿಗೆ ಬಂದ ಅಳಲು ಒಂದು ಬಗೆ. ತಮ್ಮನಿಗೆ, ಗೆಳೆಯನಿಗೆ ಬಂದದ್ದು ಇನ್ನೊಂದು ಬಗೆ. ನಡುವೆ ವೈರಿಯ ಮಗನಾದ ಅಭಿಮನ್ಯುವಿನ ಎದುರು ಅವನ ನುಡಿ ಮೆಚ್ಚುಗೆಗೆ ತಿರುಗುತ್ತದೆ. ಸಂಬೋಧನೆ, ಪ್ರಶ್ನೆ, ಅವ್ಯಯ ಮೂರನ್ನೂ ಒಂದೇ ಪಾತ್ರದ ಬಾಯಲ್ಲಿ, ಒಂದೇ ನಡಿಗೆಯಲ್ಲಿ, ಬೇರೆ ಬೇರೆ ಭಾವಗಳಿಗೆ ದುಡಿಸಿಕೊಂಡ ಈ ಭಾಗ ಹಳಗನ್ನಡದ ಉದ್ಗಾರವಾಕ್ಯವನ್ನು ಅಭ್ಯಾಸ ಮಾಡುವವರಿಗೆ ಒಂದು ಪಾಠಶಾಲೆ.

ಗದ್ಯದ ಸಾಕ್ಷಿ ಬೇಕಾದರೆ ವಡ್ಡಾರಾಧನೆಯ 19 ಕಥೆಗಳಿವೆ. ಅಲ್ಲಿ ಭಟಾರರನ್ನು, ಮಗನನ್ನು, ಅರಸನನ್ನು ಕರೆಯುವ ಸಂಬೋಧನೆಗಳೇ ಮಾತಿನ ಏರಿಳಿತವನ್ನು ಹಿಡಿದಿಡುತ್ತವೆ. ನಯಸೇನನ ಧರ್ಮಾಮೃತದಲ್ಲಿ ಮತ್ತೊಂದು ಹೆಜ್ಜೆ ಕಾಣುತ್ತದೆ. ಕನ್ನಡದಲ್ಲಿ ಸಂಸ್ಕೃತವನ್ನು ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದ ಈ ಕವಿ ಜನರ ಗಾದೆಗಳನ್ನೂ ಸಾಲುಸಾಲು ಹೋಲಿಕೆಗಳನ್ನೂ ತನ್ನ ಗದ್ಯಕ್ಕೆ ತಂದನು. ಅವನಲ್ಲಿ ಮೂದಲಿಕೆಯೂ ನಗೆಯೂ ಸೇರಿದ ಬೆರಗು ಸಿಗುತ್ತದೆ. ಅದು ಆಸ್ಥಾನದ ಬೆರಗಲ್ಲ, ಓಣಿಯ ಬೆರಗು.

ನೋಡು ಎಂಬ ಕ್ರಿಯಾಪದ ನಿಪಾತವಾದ ಬಗೆ

ಹನ್ನೆರಡನೆಯ ಶತಮಾನದ ವಚನಗಳು ಉದ್ಗಾರದ ವ್ಯಾಕರಣವನ್ನು ಎರಡು ಕಡೆಯಿಂದ ಬದಲಿಸಿದವು.

ಮೊದಲನೆಯದು ಸಂಬೋಧನೆಯ ಸ್ಥಾನ. ವಚನದ ಅಂಕಿತ ಹಲವು ವೇಳೆ ಸಂಬೋಧನೆಯ ರೂಪದಲ್ಲಿರುತ್ತದೆ: ಕೂಡಲಸಂಗಮದೇವಾ, ಗುಹೇಶ್ವರಾ, ಚೆನ್ನಮಲ್ಲಿಕಾರ್ಜುನಾ. ವಾಕ್ಯದ ಆರಂಭದಲ್ಲಿ ಕೇಳುವವನನ್ನು ಎಚ್ಚರಿಸಲು ಬರುತ್ತಿದ್ದ ಕರೆ ಇಲ್ಲಿ ಎಲ್ಲ ಹೇಳಿ ಮುಗಿದ ಮೇಲೆ ಬರುತ್ತದೆ. ಹಾಗೆ ಬಂದಾಗ ಅದು ಹಿಂದಿನ ಹೇಳಿಕೆಯನ್ನೆಲ್ಲ ಒಂದು ನಿವೇದನೆಯಾಗಿಯೋ ದೂರಾಗಿಯೋ ಹಿಗ್ಗಾಗಿಯೋ ಮಾರ್ಪಡಿಸುತ್ತದೆ. ಅಯ್ಯಾ ಎಂಬ ಪದ ಇದೇ ಕೆಲಸವನ್ನು ವಾಕ್ಯವಾಕ್ಯಕ್ಕೂ ಮಾಡುತ್ತದೆ.

ಎರಡನೆಯದು ಕಾಣು, ನೋಡು ಎಂಬ ಕ್ರಿಯಾಪದಗಳ ಗತಿ. ವಚನಗಳಲ್ಲಿ ಕಾಣಾ ಮತ್ತು ನೋಡಾ ಎಂಬ ರೂಪಗಳು ವಾಕ್ಯದ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಅಲ್ಲಿ ಕಣ್ಣಿನಿಂದ ನೋಡಲು ಹೇಳುತ್ತಿಲ್ಲ. ಹೇಳಿದ ಸತ್ಯ ಎದುರಿಗಿದೆ, ಅದನ್ನು ಅಲ್ಲಗಳೆಯಲಾಗದು ಎಂಬ ಒತ್ತನ್ನು ಆ ಪದ ಕೊಡುತ್ತದೆ. ಕ್ರಿಯಾಪದ ತನ್ನ ಅರ್ಥವನ್ನು ಸವೆಸಿಕೊಂಡು ನಿಪಾತವಾಗುವ ಪ್ರಕ್ರಿಯೆ ಇದು. ಕಾಣಾ ಎಂಬುದು ಕಣಾ ಆಗಿ, ಮುಂದೆ ದಕ್ಷಿಣದ ಆಡುಮಾತಿನಲ್ಲಿ ಕಣಯ್ಯ, ಕಣೋ, ಕಣೇ, ಕಣ್ರೀ ಎಂಬ ರೂಪಗಳಾಗಿ ಉಳಿದಿದೆ. ಧಾರವಾಡ, ಗದಗ, ರೋಣದ ಕಡೆ ಆ ಜಾಗವನ್ನು ನೋಡು ಎಂಬುದು ಹಿಡಿದುಕೊಂಡಿದೆ: ನೋಡೋ, ನೋಡವ್ವ, ನೋಡ್ರಿ. ಮೈಸೂರಿನವನು ‘ಚೆನ್ನಾಗಿದೆ ಕಣಯ್ಯ’ ಎನ್ನುವಲ್ಲಿ ರೋಣದವನು ‘ಛಲೋ ಐತಿ ನೋಡಪಾ’ ಎನ್ನುತ್ತಾನೆ. ಎರಡು ಸೀಮೆಗಳೂ ಬೇರೆ ಬೇರೆ ಧಾತುವನ್ನು ಹಿಡಿದು ಒಂದೇ ಹಾದಿಯಲ್ಲಿ ನಡೆದಿವೆ.

ಗದಗಿನ ಭಾರತ ಮತ್ತು ಗಮಕಿಯ ಕಂಠ

ಕುಮಾರವ್ಯಾಸನ ಹೊತ್ತಿಗೆ ಉದ್ಗಾರವು ಕಥನದ ಉಸಿರಿನೊಳಗೇ ಸೇರಿಹೋಗಿತ್ತು. ಅಕಟ, ಶಿವ ಶಿವ, ಹರ ಹರ ಎಂಬ ಪದಗಳು ಪಾತ್ರಗಳ ಬಾಯಲ್ಲಷ್ಟೇ ಅಲ್ಲದೆ ನಿರೂಪಕನ ಬಾಯಲ್ಲೂ ಬರುತ್ತವೆ. ಭಾಪು, ಪೂತು, ಮಝರೆ ಎಂಬ ಮೆಚ್ಚುಗೆಯ ಪದಗಳು ಯುದ್ಧವರ್ಣನೆಯಲ್ಲಿ ಪ್ರೇಕ್ಷಕರ ಗದ್ದಲವನ್ನೇ ಕಾವ್ಯದೊಳಕ್ಕೆ ತರುತ್ತವೆ. ದೇವರ ಹೆಸರು ಉದ್ಗಾರವಾಗುವುದು ಇಲ್ಲಿ ಗಮನಿಸಬೇಕಾದ ಬೆಳವಣಿಗೆ. ಶಿವ ಶಿವ ಎಂದಾಗ ಶಿವನನ್ನು ಕರೆದಂತಾಗುವುದಿಲ್ಲ. ಕಂಡದ್ದು ನುಡಿಗೆ ಮೀರಿದ್ದೆಂದು ಹೇಳಿದಂತಾಗುತ್ತದೆ.

ಈ ಕಾವ್ಯವನ್ನು ಜನ ಕೇಳಿದರು, ಓದಿದವರು ಕೆಲವರು. ಗಮಕಿ ಯಾವ ಪದವನ್ನು ಎಳೆಯಬೇಕು, ಎಲ್ಲಿ ತಡೆಯಬೇಕು, ಯಾವ ಪ್ರಶ್ನೆಯನ್ನು ಬೆರಗಾಗಿಸಬೇಕು ಎಂಬುದನ್ನು ಕಂಠದಲ್ಲೇ ನಿರ್ಧರಿಸುತ್ತಿದ್ದನು. ಓಲೆಗರಿಯ ಪ್ರತಿಗಳಲ್ಲಿ ಪದಗಳನ್ನು ಬಿಡಿಸಿ ಬರೆಯುವ ವಾಡಿಕೆಯೇ ಇರಲಿಲ್ಲ. ಪದ್ಯದ ಕೊನೆಯನ್ನು ತೋರಿಸುವ ದಂಡಗಳಿಗಿಂತ ಹೆಚ್ಚಿನ ವಿರಾಮಚಿಹ್ನೆಗಳ ಅಗತ್ಯವೂ ಬೀಳಲಿಲ್ಲ. ಬರಹ ಬಿಟ್ಟದ್ದನ್ನು ಕಂಠ ತುಂಬುತ್ತಿತ್ತು. ಬಯಲಾಟ, ಶ್ರೀಕೃಷ್ಣಪಾರಿಜಾತ, ಲಾವಣಿಗಳಲ್ಲಿ ಈ ಪರಂಪರೆ ಮುಂದುವರಿಯಿತು. ಗೀಗೀ ಪದವಂತೂ ತನ್ನ ಪಲ್ಲವಿಯ ‘ಗೀ ಗೀ’ ಎಂಬ ಕೂಗನ್ನೇ ಹೆಸರಾಗಿ ಪಡೆದಿದೆ.

ರೋಣದ ಹೊಲದಲ್ಲಿ ಒಂದು ವಾಕ್ಯ

ಗ್ರಂಥಗಳಲ್ಲಿ ಕಂಡ ಈ ಧಾರೆಗಳು ಆಡುಮಾತಿನಲ್ಲಿ ಹೇಗಿವೆ? ಬೆಳವಣಕಿಯ ಎರೆಹೊಲದ ಬದುವಿನ ಮೇಲೆ ನಿಂತು ಜೋಳದ ಬೆಳೆಯನ್ನು ನೋಡುವ ಒಕ್ಕಲಿಗನೊಬ್ಬ ಆಡಬಹುದಾದ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ: ‘ಏನ ಬೆಳಿ ಬಂದೈತೋ ಯಪ್ಪಾ ಈ ಸಲ, ನೋಡಲ್ಲಿ’.

ಇಲ್ಲಿ ಏನ ಎಂಬುದು ಹಳಗನ್ನಡದ ಏನ್. ಪ್ರಶ್ನೆಯ ಒಡಲಿನಿಂದ ಬಂದ ಉದ್ಗಾರ. ಯಪ್ಪಾ ಎಂಬುದು ಪ್ಲುತವಾದ ಸಂಬೋಧನೆ. ತಂದೆಯನ್ನು ಕರೆಯುವ ಪದ ಇಲ್ಲಿ ಯಾರನ್ನೂ ಕರೆಯುತ್ತಿಲ್ಲ. ಹೆಂಗಸರ ಬಾಯಲ್ಲಿ ಯವ್ವಾ ಎಂಬುದೂ ಹೀಗೆಯೇ. ಕನ್ನಡ, ತಮಿಳು, ತೆಲುಗು, ಮಲಯಾಳ ನಾಲ್ಕರಲ್ಲೂ ಇರುವ ಅಯ್ಯೋ ಎಂಬ ಉದ್ಗಾರವೂ ಅಯ್ಯ ಎಂಬ ಹಿರಿಯನ ಕರೆಯಿಂದ ಇದೇ ಹಾದಿಯಲ್ಲಿ ಬಂದಿರಬೇಕೆಂದು ಊಹಿಸಲು ಯಪ್ಪಾ, ಯವ್ವಾಗಳು ಬಲ ಕೊಡುತ್ತವೆ. ನೋಡಲ್ಲಿ ಎಂಬುದು ವಚನಗಳ ನೋಡಾ ಪದದ ಮೊಮ್ಮಗು. ‘ಈ ಸಲ’ ಎಂಬ ಕಾಲಸೂಚಕ ಕ್ರಿಯಾಪದದ ಮುಂದೆ ಇರಬೇಕಾದದ್ದು ಹಿಂದೆ ಸರಿದಿದೆ. ಭಾವದ ಒತ್ತಿಗೆ ಪದಗಳ ಕ್ರಮವೇ ಮುರಿದಿದೆ.

ಬಂದೈತೋ ಎಂಬಲ್ಲಿನ ಓಕಾರದ ಬಗ್ಗೆ ಮಾತ್ರ ಎಚ್ಚರ ಬೇಕು. ಅದನ್ನು ಹಳಗನ್ನಡದ ಪ್ರಶ್ನಾರ್ಥಕ ಓಕಾರದ ನೇರ ಉಳಿಕೆಯೆಂದು ತಟ್ಟನೆ ಹೇಳುವಂತಿಲ್ಲ. ಎದುರಿಗಿರುವವಳು ಹೆಣ್ಣಾದರೆ ಅದೇ ವಾಕ್ಯ ‘ಬಂದೈತೇ’ ಎಂದಾಗುತ್ತದೆ. ಗೌರವಕ್ಕೆ ಪಾತ್ರರಾದವರಾದರೆ ‘ಬಂದೈತ್ರೀ’ ಎಂದಾಗುತ್ತದೆ. ಹಾಗಾದರೆ ಇಂದಿನ ಓಕಾರ ಕೇಳುಗನ ಲಿಂಗ ಮತ್ತು ಸಲುಗೆಯನ್ನು ತೋರಿಸುವ ಸಂಬೋಧನೆಯ ಗುರುತು. ಹಳೆಯ ಚೌಕಟ್ಟಿನ ಕೊನೆಯ ಸ್ಥಾನ ಉಳಿದಿದೆ, ಅಲ್ಲಿ ಕೂತವರು ಬದಲಾಗಿದ್ದಾರೆ. ಬರಿಯ ಲಿಖಿತ ಪಠ್ಯವನ್ನು ನೋಡುವ ಸಂಶೋಧಕನಿಗೆ ಈ ವ್ಯತ್ಯಾಸ ಹೊಳೆಯುವುದು ಕಷ್ಟ. ಆಡುಮಾತಿನಲ್ಲಿ ಕೇಳುಗನನ್ನು ಬದಲಿಸಿ ನೋಡಿದರೆ ಕೂಡಲೇ ತಿಳಿಯುತ್ತದೆ.

ಇನ್ನೊಂದು ಮಾತು. ಮಳೆ ಕೈಕೊಟ್ಟ ವರ್ಷ ಅದೇ ಒಕ್ಕಲಿಗ ಅದೇ ಬದುವಿನ ಮೇಲೆ ನಿಂತು ಅದೇ ವಾಕ್ಯವನ್ನು ಆಡಬಲ್ಲನು. ಆಗ ಅದು ಹಿಗ್ಗಲ್ಲ, ಕಹಿಯಾದ ಅಣಕ. ಪದಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕೊನೆಗೆ ಇಡುವ ಚಿಹ್ನೆಯೂ ಬದಲಾಗದು.

ಈ ಸೀಮೆಯ ಉದ್ಗಾರಕೋಶಕ್ಕೆ ಹೊರಗಿನಿಂದ ಬಂದದ್ದೂ ಉಂಟು. ಶಾಬಾಸ್ ಎಂಬುದು ಪಾರಸಿಯ ‘ಸಂತೋಷವಾಗಿರು’ ಎಂಬ ಹರಕೆಯಿಂದ ಬಂದದ್ದು. ವಾಹ್ವಾ ಎಂಬುದೂ ಆ ಕಡೆಯದೇ. ಆದಿಲಶಾಹಿಯಿಂದ ಪೇಶವೆಗಳವರೆಗಿನ ಆಳ್ವಿಕೆ, ಅನಂತರ ಮುಂಬಯಿ ಪ್ರಾಂತದ ಆಡಳಿತ, ಇವುಗಳ ನಡುವೆ ಬೆಳೆದ ಮಾತಿನಲ್ಲಿ ಇಂಥ ಪದಗಳು ಸಹಜವಾಗಿ ಬೆರೆತವು. ಮೆಚ್ಚುಗೆಯ ಪದಗಳು ಹೊರಗಿನಿಂದ ಸುಲಭವಾಗಿ ಬರುತ್ತವೆ, ನೋವಿನ ಪದಗಳು ಮಾತ್ರ ಮನೆಯವೇ ಆಗಿ ಉಳಿಯುತ್ತವೆ. ಶಾಬಾಸ್ ಎಂದು ಬೆನ್ನು ತಟ್ಟಿದವನಿಗೂ ಚೇಳು ಕಡಿದಾಗ ಬಾಯಿಗೆ ಬರುವುದು ಯಪ್ಪಾ ಅಥವಾ ಯವ್ವಾ.

ಚೀನೀ ಭಾಷೆಯ ನಿದರ್ಶನ

ಪ್ರಶ್ನೆಯಿಂದ ಉದ್ಗಾರ ಹುಟ್ಟುವುದು ಕನ್ನಡಕ್ಕೆ ಮಾತ್ರ ಸೇರಿದ ಗುಣವಲ್ಲ ಎಂಬುದಕ್ಕೆ ಯಾವ ಸಂಬಂಧವೂ ಇಲ್ಲದ ಚೀನೀ ಭಾಷೆ ಸಾಕ್ಷಿ ನುಡಿಯುತ್ತದೆ. ಪ್ರಾಚೀನ ಚೀನೀ ಗದ್ಯದಲ್ಲಿ ವಾಕ್ಯದ ಕೊನೆಗೆ ಬರುವ ‘ಝಾಯ್’ ಎಂಬ ನಿಪಾತ ಉದ್ಗಾರವನ್ನೂ ಉತ್ತರ ಬಯಸದ ಪ್ರಶ್ನೆಯನ್ನೂ ಸೂಚಿಸುತ್ತಿತ್ತು. ಏನು ಎಂಬರ್ಥದ ‘ಹ’ ಎಂಬ ಪದವೇ ಎಷ್ಟೊಂದು ಎಂಬ ಬೆರಗಿಗೂ ಬಳಕೆಯಾಗುತ್ತಿತ್ತು. ಅಳಲಿಗೆ ‘ವೂಹೂ’ ಎಂಬ ಉದ್ಗಾರ ಮೀಸಲಾಗಿತ್ತು. ಕನ್‌ಫ್ಯೂಶಿಯಸನ ಸಂಭಾಷಣೆಗಳಲ್ಲಿ ಶಿಷ್ಯನ ಗುಣವನ್ನು ಮೆಚ್ಚುವಾಗ ಗುಣವಾಚಕವು ಮೊದಲು ಬಂದು ಶಿಷ್ಯನ ಹೆಸರು ಆಮೇಲೆ ಬರುತ್ತದೆ. ವಾಕ್ಯದ ರೂಢಿಯ ಕ್ರಮ ಅಲ್ಲಿ ತಲೆಕೆಳಗಾಗುತ್ತದೆ. ಮುಂದೆ ಆಡುಮಾತಿನ ಚೀನಿಯಲ್ಲಿ ವಾಕ್ಯಾಂತ್ಯಕ್ಕೆ ‘ಆ’ ಎಂಬ ನಿಪಾತವೂ, ಬಹಳ ಎಂಬರ್ಥದ ಪದದಿಂದ ಬೆಳೆದ ‘ದುವೊಮ’ ಎಂಬ ಅವ್ಯಯವೂ ಬಳಕೆಗೆ ಬಂದವು. ಕನ್ನಡದಲ್ಲಿ ಎನಿತು ಇದ್ದ ಸ್ಥಾನಕ್ಕೆ ಎಷ್ಟು ಬಂದು, ಎಂತಪ್ಪ ಎಂಬುದು ಎಂಥ ಆಗಿ, ಪ್ರಮಾಣವನ್ನು ಕೇಳುವ ಪದಗಳೇ ಬೆರಗಿನ ಪದಗಳಾಗಿ ಮುಂದುವರಿದದ್ದನ್ನು ಇದರೊಡನೆ ಇಟ್ಟು ನೋಡಬಹುದು.

ಚೀನೀ ಭಾಷೆಗೆ ಪಾಶ್ಚಾತ್ಯ ಕ್ರಮದಲ್ಲಿ ವ್ಯಾಕರಣ ಬರೆದ ಮಾ ಜಿಯೆನ್‌ಜೋಂಗ್ 1898ರಲ್ಲಿ ಒಂಬತ್ತು ಪದವರ್ಗಗಳನ್ನು ಮಾಡಿ ಉದ್ಗಾರಪದಗಳಿಗೆ ಪ್ರತ್ಯೇಕ ವರ್ಗವನ್ನು ಕೊಟ್ಟನು. ಹೂ 'ಶಿ ಮೊದಲಾದವರ ಮನವಿಯ ಮೇಲೆ ಚೀನೀ ಗಣರಾಜ್ಯದ ಶಿಕ್ಷಣ ಇಲಾಖೆ 1920ರಲ್ಲಿ ಹೊಸ ವಿರಾಮಚಿಹ್ನೆಗಳನ್ನು ಅಂಗೀಕರಿಸಿತು. ಕೆಲವೇ ವರ್ಷಗಳಲ್ಲಿ, 1924ರಲ್ಲಿ, ಚಾಂಗ್ ಯಾವ್‌ಶಿಯಾಂಗ್ ಎಂಬ ಮನಶ್ಶಾಸ್ತ್ರಜ್ಞ ಹೊಸ ಕವಿತೆಗಳಲ್ಲಿನ ಉದ್ಗಾರಚಿಹ್ನೆಗಳನ್ನು ಎಣಿಸಿ, ಅವುಗಳ ಹೇರಳತೆಯನ್ನು ಹೊಸ ಕವಿಗಳ ನಿರಾಶೆಯ ಗುರುತೆಂದು ಟೀಕಿಸಿದನು. ಲೂ ಶುನ್ ಆ ಟೀಕೆಯನ್ನು ಗೇಲಿ ಮಾಡಿದನು. ಚಿಹ್ನೆಯನ್ನು ಎಣಿಸಿದರೆ ಭಾವವನ್ನು ಅಳೆದಂತಾಯಿತೇ ಎಂಬ ಆ ಜಗಳ ನಮಗೂ ಸಂಬಂಧಿಸಿದ್ದೇ.

ಅಚ್ಚಿನ ಮೊಳೆ ಬಂದ ಮೇಲೆ

ಉದ್ಗಾರಚಿಹ್ನೆಯ ಹುಟ್ಟನ್ನು ಹದಿನಾಲ್ಕನೆಯ ಶತಮಾನದ ಇಟಲಿಯಲ್ಲಿ ಗುರುತಿಸುತ್ತಾರೆ. ಕನ್ನಡಕ್ಕೆ ಯುರೋಪಿನ ವಿರಾಮಚಿಹ್ನೆಗಳು ಅಚ್ಚಿನ ಜೊತೆಯಲ್ಲಿ ಬಂದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರಲ್ಲಿ ಮೊಗ್ಲಿಂಗ್ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರತಂದನು. ಶಾಲಾ ಪಠ್ಯಪುಸ್ತಕಗಳು ಮತ್ತು ಪತ್ರಿಕೆಗಳು ಹೊಸ ಚಿಹ್ನೆಗಳನ್ನು ಓದುಗರ ಕಣ್ಣಿಗೆ ರೂಢಿ ಮಾಡಿಸಿದವು. ಹತ್ತೊಂಬತ್ತನೆಯ ಶತಮಾನ ಮುಗಿಯುವಾಗ ಮುದ್ದಣನು ತನ್ನ ರಾಮಾಶ್ವಮೇಧದಲ್ಲಿ ಮನೋರಮೆಯೊಡನೆ ನಡೆಸಿದ ಸಲ್ಲಾಪದಲ್ಲಿ ಹಳಗನ್ನಡದ ಉದ್ಗಾರಪದಗಳು ಅಚ್ಚಿನ ಯುಗಕ್ಕೆ ಕಾಲಿಟ್ಟವು. ನವೋದಯದ ಭಾವಗೀತೆ ಇಂಗ್ಲಿಷ್ ಕವಿತೆಯ ಸಂಬೋಧನೆಯ ರೀತಿಯನ್ನು ತಂದಾಗ ಓ ಎಂಬ ಕರೆ ಮತ್ತು ಭಾವಸೂಚಕ ಚಿಹ್ನೆ ಎರಡೂ ಕವಿತೆಯ ಪುಟದಲ್ಲಿ ಹೆಚ್ಚಿದವು.

ಇದೇ ಕಾಲದಲ್ಲಿ ಪ್ರಾಚೀನ ಗ್ರಂಥಗಳೂ ಅಚ್ಚಾದವು. ಶಬ್ದಮಣಿದರ್ಪಣವನ್ನು ಕಿಟೆಲ್ 1872ರಲ್ಲಿ ಪ್ರಕಟಿಸಿದನು. ಪಂಪಭಾರತ 1898ರಲ್ಲಿ ಬಿ. ಎಲ್. ರೈಸ್ ಅವರಿಂದ ಹೊರಬಂದಿತು, ವಡ್ಡಾರಾಧನೆಯನ್ನು ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿ ಕೊಟ್ಟರು. ಓಲೆಗರಿಯ ಅಖಂಡ ಸಾಲನ್ನು ಪದವಿಭಾಗ ಮಾಡಿ ಇಂದಿನ ಓದುಗನಿಗೆ ಒದಗಿಸಿದ ಸಂಪಾದಕರ ಋಣ ದೊಡ್ಡದು. ಆ ಉಪಕಾರದ ಜೊತೆಗೇ ಒಂದು ಹೊಣೆಯೂ ಬಂತು. ಹಳಗನ್ನಡದ ಆವೃತ್ತಿಯಲ್ಲಿ ಕಾಣುವ ಪ್ರತಿಯೊಂದು ಭಾವಸೂಚಕ ಚಿಹ್ನೆಯೂ ಒಂದು ವ್ಯಾಖ್ಯಾನ.

ನಾನೇ ಕಟ್ಟಿದ ಒಂದು ವಾಕ್ಯದಿಂದ ಇದನ್ನು ಸ್ಪಷ್ಟಪಡಿಸಬಹುದು: ‘ಇದೇಂ ಬಿಲ್ಬಲ್ಮೆ’. ಓಲೆಯಲ್ಲಿ ಇದಕ್ಕೆ ಚಿಹ್ನೆಯಿಲ್ಲ. ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ, ಇದೂ ಒಂದು ಬಿಲ್ಲುಗಾರಿಕೆಯೇ ಎಂಬ ತಿರಸ್ಕಾರದ ಅರ್ಥ ಮುಂದೆ ಬರುತ್ತದೆ. ಭಾವಸೂಚಕ ಚಿಹ್ನೆ ಇಟ್ಟರೆ, ಎಂಥ ಬಿಲ್ಲುಗಾರಿಕೆ ಎಂಬ ಮೆಚ್ಚುಗೆ ಮುಂದೆ ಬರುತ್ತದೆ. ವೈರಿಯೊಬ್ಬ ವೈರಿಯನ್ನು ಕುರಿತು ಇದನ್ನು ಆಡಿದನೆಂದುಕೊಳ್ಳಿ. ಆ ಒಂದು ಚಿಹ್ನೆಯ ಮೇಲೆ ಪಾತ್ರದ ಔದಾರ್ಯವೇ ನಿಂತಿರುತ್ತದೆ. ಮೂಲದಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಉಸಿರಾಡುತ್ತಿದ್ದಿರಬಹುದು. ಗಮಕಿ ಒಂದು ಸಂಜೆ ಒಂದನ್ನೂ ಇನ್ನೊಂದು ಸಂಜೆ ಮತ್ತೊಂದನ್ನೂ ಆಯ್ದುಕೊಳ್ಳಬಹುದಿತ್ತು. ಅಚ್ಚು ಒಂದನ್ನು ಆಯ್ದು ಎಲ್ಲ ಪ್ರತಿಗಳಲ್ಲೂ ಸ್ಥಿರಗೊಳಿಸುತ್ತದೆ. ಅದನ್ನೇ ಓದಿ ಬೆಳೆದ ವಿದ್ಯಾರ್ಥಿ ಆ ಆಯ್ಕೆಯನ್ನು ಕವಿಯದೆಂದೇ ತಿಳಿಯುತ್ತಾನೆ.

ಆದ್ದರಿಂದ ಸಂಶೋಧಕರು ಅನುಸರಿಸಬಹುದಾದ ಕ್ರಮ ಸರಳವಾದದ್ದು. ಹಳಗನ್ನಡ ಅಥವಾ ನಡುಗನ್ನಡದ ಒಂದು ವಾಕ್ಯವನ್ನು ಉದ್ಗಾರವೆಂದು ಎಣಿಸುವ ಮುನ್ನ ಚಿಹ್ನೆಯನ್ನು ಮುಚ್ಚಿ ಓದಬೇಕು. ಪ್ರಶ್ನಾರ್ಥಕ ಪದವಿದೆಯೇ, ನಿಪಾತವಿದೆಯೇ, ಸಂಬೋಧನೆ ಎಲ್ಲಿದೆ, ಪದಕ್ರಮ ಬದಲಾಗಿದೆಯೇ ಎಂದು ನೋಡಬೇಕು. ಸಾಧ್ಯವಾದರೆ ಆ ಪದ್ಯವನ್ನು ಗಮಕಿಗಳ ಕಂಠದಲ್ಲಿ ಕೇಳಬೇಕು. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಚೌಕಟ್ಟಿನಿಂದ ಬಿಡಿಸಿ ಕನ್ನಡದ ರಚನೆಯ ಮೇಲೆಯೇ ಕಟ್ಟಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಉದ್ಗಾರದ ವಿಷಯದಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಬೇಕು: ಅದನ್ನು ಇಂಗ್ಲಿಷಿನ ಚಿಹ್ನೆಯಿಂದಲೂ ಬಿಡಿಸಿ ನೋಡಬೇಕು.

ತಿರುಳ್ಗನ್ನಡದ ನಾಡಿನಲ್ಲಿ ಈ ಅಧ್ಯಯನಕ್ಕೆ ಬೇಕಾದ ಸಾಮಗ್ರಿ ಕಾವ್ಯದಲ್ಲೂ ಇದೆ, ಓಣಿಯಲ್ಲೂ ಇದೆ. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳ ಹಿರಿಯರ ಮಾತಿನಲ್ಲಿ ಯಾವ ಉದ್ಗಾರ ಯಾರ ಎದುರು, ಯಾವ ಹೊತ್ತಿನಲ್ಲಿ, ಯಾವ ಎಳೆತದಲ್ಲಿ ಬರುತ್ತದೆ ಎಂಬುದನ್ನು ಧ್ವನಿಯ ಸಹಿತ ದಾಖಲಿಸಿಕೊಂಡರೆ ಪಂಪ, ರನ್ನ, ದುರ್ಗಸಿಂಹ, ನಯಸೇನರ ಸಾಲುಗಳಲ್ಲಿ ಇನ್ನೂ ತೀರ್ಮಾನವಾಗದ ಹಲವು ಓದುಗಳಿಗೆ ಆಧಾರ ದೊರೆಯುತ್ತದೆ. ಬರೆದಿಟ್ಟದ್ದು ಓಲೆಯಲ್ಲಿ ಉಳಿಯುತ್ತದೆ. ಎಳೆತ ಉಳಿಯುವುದು ಆಡುವವರ ಕಂಠದಲ್ಲಿ ಮಾತ್ರ. ಅದಕ್ಕೆ ಅವರ ಆಯುಷ್ಯವೇ ಮಿತಿ.